ಸಮುದ್ರಮಥನಕ್ಕೆ ಸಿಬ್ಬಂದಿ ನಿಯೋಜನೆ

ಮಹಲಿನ ದೊಡ್ಡ ಹಜಾರದಲ್ಲಿರುವ, ಮರದಲ್ಲಿ ಕೆತ್ತಿ ಚಿನ್ನದ ರೇಕು ಹೊದಿಸಿದ ಹಲಗೆಗಳ ಮೇಲಿನ ಯಾವ ಮುಖವನ್ನೂ ಯಾರೂ ಬದಲಾಯಿಸತಕ್ಕದ್ದಲ್ಲ. ಮಹಲನ್ನು ನೋಡಿಕೊಳ್ಳುವ ಇಲಾಖೆಯ ಆಯುಕ್ತರು ಸಹಿ ಮಾಡಿದ ಈ ನಿಯಮಕ್ಕೆ ಚೌಕಟ್ಟು ಹಾಕಿಸಿ ಬಾಗಿಲ ಪಕ್ಕದಲ್ಲೇ ತೂಗುಹಾಕಲಾಯಿತು. ಏಣಿ ತಾಗಿ ಇಂದ್ರನ ಮೂಗು ಮುರಿದದ್ದು ಹಾಗೆ ತೂಗುಹಾಕುವಾಗಲೇ.

ಮಹಲಿನ ಮೇಲ್ವಿಚಾರಕ ಆಯುಕ್ತರಿಗೆ ಆಗಲೇ ವರದಿ ಕಳಿಸಿದ. ಅವನ ಹುದ್ದೆ ಇನ್ನೂ ಕಾಯಂ ಆಗಿರಲಿಲ್ಲ. ‘ಹಂಗಾಮಿ’ ಎಂಬ ಪದ ಅವನ ಹೆಸರಿನ ಮುಂದೆ ಎಷ್ಟು ಕಾಲ ನಿಂತಿತ್ತೆಂದರೆ, ಹೆಂಡತಿಯ ತವರಿನವರು ಅದನ್ನು ಮನೆತನದ ಹೆಸರೆಂದೇ ತಿಳಿದಿದ್ದರು.

“ನಿಯಮಕ್ಕೆ ಮೊದಲ ಬಲಿ ಮೂಗು ನೋಡೋ,” ಎಂದು ನಕ್ಕಳು ಅವನ ಅಕ್ಕ. ಹಲಗೆಗಳ ಧೂಳು ಒರೆಸುವ ಕೆಲಸ ಅವಳದು.

ಆಯುಕ್ತರು ಬಂದು ಸಮುದ್ರಮಥನದ ಹಲಗೆಯ ಮುಂದೆ ನಿಂತರು. “ಹೊಸ ಮೂಗಿಗೆ ಮಾದರಿ ಬೇಕಲ್ವೇನಯ್ಯ?” ಎಂದು ತಮ್ಮ ಮೂಗನ್ನು ಬೆಳಕಿನ ಕಡೆ ತಿರುಗಿಸಿದರು.

“ಬೇಕೇ ಬೇಕು ಸಾರ್.”

ಮೂಗಿಗೆ ಹಳೆಯ ಕೆನ್ನೆ ಹೊಂದಲಿಲ್ಲ. ಹೊಸ ಕೆನ್ನೆಗೆ ಕನ್ನಡಕ ಬೇಕಾಯಿತು. ಕೆತ್ತನೆಗಾರ ಉಳಿ ಕೆಳಗಿಡುವ ಹೊತ್ತಿಗೆ ಆಯುಕ್ತರೇ ವಾಸುಕಿಯ ಬಾಲ ಹಿಡಿದು ನಿಂತಿದ್ದರು. ಇದು ಬದಲಾವಣೆಯಲ್ಲ, ‘ಮುಖದ ತಾತ್ಕಾಲಿಕ ಪ್ರಭಾರ’ ಎಂದು ಸುತ್ತೋಲೆ ಹೊರಟಿತು.

ಆಮೇಲೆ ಆಯುಕ್ತರ ಮಡದಿ ಲಕ್ಷ್ಮಿಯಾದರು. ಮಡದಿಯ ತಮ್ಮ ಚಂದ್ರನಾದ. ಲೆಕ್ಕಾಧಿಕಾರಿ ಕುಬೇರನ ಸ್ಥಾನ ಕೇಳಿದರು. ಹಲಗೆಯಲ್ಲಿ ಕುಬೇರನೇ ಇರಲಿಲ್ಲವಾಗಿ, ಅಲೆಯೊಂದನ್ನು ತೆರವುಗೊಳಿಸಲಾಯಿತು. ದೇವತೆಗಳ ಸಾಲು ಭರ್ತಿಯಾದ ಮೇಲೆ ಗುಮಾಸ್ತರ ಪಾಲಿಗೆ ಅಸುರರು ಉಳಿದರು. “ಕೋರೆಹಲ್ಲು ಇಟ್ಕೊಂಡು ನಮ್ಮತ್ತೆ ಮುಂದೆ ಹೇಗೆ ಓಡಾಡ್ಲಿ ಸಾರ್?” ಎಂದು ಒಬ್ಬ ಗೊಳೋ ಎಂದ. ಮಾನವೀಯ ನೆಲೆಯಲ್ಲಿ ಅಸುರರೆಲ್ಲರಿಗೂ ದೇವತೆಯ ದರ್ಜೆಗೆ ಬಡ್ತಿ ಕೊಟ್ಟು ಹಲ್ಲು ಕೀಳಿಸಲಾಯಿತು. ಎರಡೂ ಕಡೆ ದೇವರೇ ಎಳೆಯುತ್ತಿರುವುದರಿಂದ ಅಮೃತದ ಹಂಚಿಕೆಯಲ್ಲಿ ತಕರಾರು ಉದ್ಭವಿಸುವುದಿಲ್ಲವೆಂದು ಟಿಪ್ಪಣಿಯೂ ಆಯಿತು.

ವಿಷ ಕುಡಿಯುವ ಶಿವನ ಸ್ಥಾನಕ್ಕೆ ಮಾತ್ರ ಒಂದೂ ಅರ್ಜಿ ಬರಲಿಲ್ಲ. ವಿಷಕ್ಕೆ ಬಿಳಿ ಬಣ್ಣ ಬಳಿದು ಹಾಲೆಂದು ಘೋಷಿಸಿದ ಸಂಜೆಯೇ ನೂಕುನುಗ್ಗಲಾಯಿತು. ಅಕ್ಕನಿಗೂ ಒಂದು ಅಪ್ಸರೆ ಮಂಜೂರಾಗಿತ್ತು. “ನನ್ನ ಮುಖ ನಂಗೇ ಇನ್ನೂ ಬೇಕು,” ಎಂದು ಅವಳು ಬಟ್ಟೆ ಕೊಡವಿಕೊಂಡು ಹೋದಳು.

ಕೊನೆಗೆ ಉಳಿದದ್ದು ಆಮೆ. ಇಡೀ ಬೆಟ್ಟವನ್ನು ಬೆನ್ನ ಮೇಲೆ ಹೊತ್ತು, ಎಲ್ಲರ ಕೆಳಗೆ.

“ಅದಕ್ಕೆ ನೀನೇ ಸರಿ ಕಣಯ್ಯ,” ಎಂದರು ಆಯುಕ್ತರು. “ಅದು ಹೊರೋ ಹುದ್ದೆ. ಹಂಗಾಮಿಗಳನ್ನ ನಂಬೋಕಾಗಲ್ಲ. ಮುಖ ಕೊಡು, ಕಾಯಂ ಮಾಡ್ತೀನಿ. ನಾಳೆ ಬರೋ ಅತಿಥಿಗಳು ಹಲಗೆ ಮೆಚ್ಚಲಿ, ತಕ್ಷಣ ಸಹಿ.”

ಮೇಲ್ವಿಚಾರಕ ಕೆತ್ತನೆಗಾರನ ಮುಂದೆ ಕತ್ತು ಚಾಚಿ ಕೂತ.

ಅತಿಥಿಗಳು ಬರುವ ಬೆಳಗ್ಗೆ ಅವನು ಹಜಾರಕ್ಕೆ ಓಡಿಬಂದ. “ಅಕ್ಕಾ! ಸಾಹೇಬ್ರ ಕನ್ನಡಕದ ಮೇಲೆ ಜೇಡ ಬಲೆ ಕಟ್ಟಿದೆ! ಒರೆಸೇ!”

“ಒರೆಸಲ್ಲ. ನಾನು ಸೇರಿದ್ದು ದೇವರನ್ನ ಒರೆಸೋಕೆ. ಸಾಹೇಬ್ರ ಮುಖ ಸಾಹೇಬ್ರೇ ತೊಳ್ಕೊಳ್ಳಲಿ.”

“ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೇ!”

“ಬೆನ್ನ ಮೇಲೆ ಬೆಟ್ಟ ಹಾಕ್ಕೊಂಡೋನಿಗೆ ಹೊಟ್ಟೆ ಚಿಂತೆ ನೋಡು.”

ವಿಷಯ ಆಯುಕ್ತರಿಗೆ ಹೋಯಿತು. ಅವರು ಗಂಭೀರವಾಗಿ ಪರಿಶೀಲಿಸಿ, ಆಕೆಯ ಮಾತಿನಲ್ಲಿ ಆಡಳಿತಾತ್ಮಕ ಹುರುಳಿದೆಯೆಂದು ಕಂಡುಕೊಂಡರು. ‘ಪ್ರತಿಯೊಬ್ಬರೂ ತಮ್ಮ ತಮ್ಮ ಮುಖವನ್ನು ಖುದ್ದಾಗಿ ಒರೆಸತಕ್ಕದ್ದು, ರಜೆಯಲ್ಲಿರುವವರ ಮುಖವನ್ನು ಪಕ್ಕದ ದೇವರು ನೋಡಿಕೊಳ್ಳತಕ್ಕದ್ದು’ ಎಂದು ಆದೇಶ ಹೊರಟಿತು.

ಅತಿಥಿಗಳು ಒಳಗೆ ಬಂದಾಗ ಹಜಾರದ ತುಂಬ ಏಣಿಗಳು. ಆಯುಕ್ತರು ತಮ್ಮ ಮರದ ಕನ್ನಡಕಕ್ಕೆ ಹಾ ಎಂದು ಉಸಿರು ಊದಿ ಉಜ್ಜುತ್ತಿದ್ದರು. ಲಕ್ಷ್ಮಿಗೆ ತಮ್ಮ ಕಮಲ ಎಟುಕುತ್ತಿರಲಿಲ್ಲ. ಚಂದ್ರ ಕೆಳಗಿಂದ ಒತ್ತಾಸೆ ಕೊಡುತ್ತಿದ್ದ. ಇದೇ ಮಥನವೆಂದು ತಿಳಿದ ಅತಿಥಿಗಳು ಜೋರಾಗಿ ಚಪ್ಪಾಳೆ ತಟ್ಟಿದರು. ಏಣಿಯ ಮೇಲಿಂದಲೇ ಆಯುಕ್ತರು ಸಹಿ ಹಾಕಿದರು.

ಕಾಯಂ ಆದ ಮೇಲ್ವಿಚಾರಕ ಏಣಿಯಿಂದ ಏಣಿಗೆ ಓಡುತ್ತ ಎಲ್ಲವನ್ನೂ ಹಿಡಿದುಕೊಳ್ಳುತ್ತಿದ್ದ. ತನ್ನ ಮುಖ ಒರೆಸಲು ಅವನಿಗೆ ಬಿಡುವೆಲ್ಲಿ? ಅಕ್ಕ ಆಮೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಕಂಡಿತು.

“ಒರೆಸಲ್ಲ ಅಂದ್ಯಲ್ಲೇ?” ಎಂದು ಪಿಸುಗುಟ್ಟಿದ.

“ಸುಮ್ನಿರೋ. ಹುಟ್ಟಿದಾಗಿಂದ ಈ ಮೂಗು ಒರೆಸಿದ್ದು ಯಾರು?”

ಬಟ್ಟೆಯ ತುದಿಯನ್ನು ಹುರಿಮಾಡಿ ಆಮೆಯ ಎರಡೂ ಹೊಳ್ಳೆಗಳನ್ನು ಚೊಕ್ಕಟ ಮಾಡಿ, ಮೇಲಿದ್ದ ಒಬ್ಬ ದೇವರ ಕಡೆಗೂ ಕಣ್ಣೆತ್ತದೆ, ಏಣಿಗಳ ನಡುವೆ ದಾರಿ ಮಾಡಿಕೊಂಡು ಅವಳು ಹೊರಟುಹೋದಳು.