ಹಸುವಿನ ವಿಡಿಯೋ ಎಷ್ಟು ಓಡಿತು

ವಿಡಿಯೋ ಮಾಡುವವರಿಗಿಂತ, ಅದು ಎಷ್ಟು ಓಡಿತು ಎಂದು ಬರೆದಿಡುವವರಿಗೇ ತಮಾಷೆಗಳು ಜಾಸ್ತಿ ಗಂಟುಬೀಳುತ್ತವೆ. ಒಂದನ್ನು ಯಾರಿಗಾದರೂ ಹೇಳಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನಿರುವುದು ಆಂಡರ್ಸನ್‌ಪೇಟೆಯಲ್ಲಿ, ಕೆಲಸ ಬಂಗಾರಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಹಸು ಸಾಕುವವರಿಗಾಗಿ ನಾವು ಪುಟ್ಟ ಪುಟ್ಟ ವಿಡಿಯೋ ಮಾಡಿ ಚಾನೆಲ್‌ಗೆ ಹಾಕುತ್ತೇವೆ. ಮೇವು ಹೇಗೆ ಕತ್ತರಿಸಬೇಕು, ಕೆಚ್ಚಲು ಹೇಗೆ ತೊಳೆಯಬೇಕು, ಕರುವಿಗೆ ಎಷ್ಟು ಹಾಲು ಬಿಡಬೇಕು, ಇಂಥವು. ಆಮೇಲೆ ಒಂದೊಂದು ವಿಡಿಯೋಗೂ ಒಂದೊಂದು ಪುಟ ತೆರೆದು, ಮೊದಲ ದಿನ ಎಷ್ಟು ಜನ ನೋಡಿದರು, ವಾರಕ್ಕೆ ಎಷ್ಟು, ತಿಂಗಳಿಗೆ ಎಷ್ಟು, ವರ್ಷ ಕಳೆದ ಮೇಲೂ ಯಾರಾದರೂ ನೋಡುತ್ತಿದ್ದಾರಾ ಎಂದು ಬರೆದಿಡುವುದು ನನ್ನ ಕೆಲಸ.

ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ಹೂವಿನ ಬುಟ್ಟಿಯ ಅಕ್ಕ ಒಬ್ಬರು ಒಮ್ಮೆ ಏನು ಕೆಲಸ ಎಂದು ಕೇಳಿದರು. "ವಿಡಿಯೋ ಎಷ್ಟು ಓಡ್ತು ಅಂತ ಬರೆಯೋದು ಅಕ್ಕ" ಅಂದೆ.

"ಓಡಿದ್ರೆ ಸರಿ. ನಿಂತೋದ್ರೆ?"

"ಯಾಕೆ ನಿಂತೋಯ್ತು ಅಂತ ಬರೀತೀನಿ."

ಅಕ್ಕ ಬುಟ್ಟಿ ಸರಿಸಿಕೊಂಡು, "ಪರವಾಗಿಲ್ಲಮ್ಮ, ಎರಡಕ್ಕೂ ಸಂಬಳ ಐತೆ" ಎಂದರು.

ಹನ್ನೆರಡನೇ ಸೆಕೆಂಡು

ಹಾಲು ಕರೆಯುವ ಸರಿಯಾದ ರೀತಿಯ ಬಗ್ಗೆ ಮೂರು ನಿಮಿಷದ ಒಂದು ವಿಡಿಯೋ ಮಾಡಿದ್ದೆವು. ನೋಡುವವರು ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗೆರೆಯೊಂದು ಇರುತ್ತದೆ. ಈ ವಿಡಿಯೋದಲ್ಲಿ ಅದು ಹನ್ನೆರಡನೇ ಸೆಕೆಂಡಿಗೆ ಸರಿಯಾಗಿ, ಹಗ್ಗ ಹರಿದ ಕೊಡ ಬಾವಿಗೆ ಬಿದ್ದ ಹಾಗೆ, ಕೆಳಗೆ ಬೀಳುತ್ತಿತ್ತು. ಮೊದಲ ವಾರವೂ ಹಾಗೇ, ತಿಂಗಳಾದ ಮೇಲೂ ಹಾಗೇ.

ನಮ್ಮ ಸಂಸ್ಥೆಯ ಮುಖ್ಯಸ್ಥರನ್ನು ನಾವೆಲ್ಲ ಸಾರ್ ಎಂದೇ ಕರೆಯುವುದು. ಅವರು ಗೆರೆ ನೋಡಿ, "ಇದರಲ್ಲಿ ನಿಮ್ಮ ಮುಖ ಎಷ್ಟನೇ ಸೆಕೆಂಡಿಗೆ ಬರುತ್ತೆ?" ಎಂದು ಕೇಳಿದರು.

"ಹತ್ತನೇದಕ್ಕೆ ಸಾರ್."

ಅವರು ಗೆರೆ ಬಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿ ಎದ್ದು ಹೋದರು. ನನಗೆ ಎರಡು ದಿನ ಕನ್ನಡಿ ನೋಡಲು ಮನಸ್ಸಾಗಲಿಲ್ಲ.

ಆ ವಾರ ಬಂಗಾರಪೇಟೆ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದಾಗ, ನಮ್ಮ ವಿಡಿಯೋ ನೋಡಿದ್ದೇನೆಂದ ಒಬ್ಬ ಹಿರಿಯರು ಸಿಕ್ಕಿದರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಪೂರ್ತಿ ನೋಡಿದ್ರಾ ಅಣ್ಣ?"

"ಇಲ್ಲ ತಾಯಿ. ಶುರುನಾಗೇ ನೀವು ಮೊದ್ಲು ಕೈ ತೊಳ್ಕೊಂಡು ಬನ್ನಿ ಅಂದ್ರಿ. ತೊಳ್ಯಾಕ್ ಓದೆ."

ಆಗ ನೆನಪಾಯಿತು. ಹನ್ನೆರಡನೇ ಸೆಕೆಂಡಿಗೆ ನಾನು ಹೇಳುವ ಮಾತು ಅದೇ. ಇಷ್ಟು ದಿನ ಜನ ಎದ್ದು ಹೋಗುತ್ತಿದ್ದದ್ದು ನನ್ನ ಮುಖ ನೋಡಿ ಅಲ್ಲ, ನನ್ನ ಮಾತು ಕೇಳಿ. ಕಣ್ಣಲ್ಲಿ ನೀರೇ ಬಂತು.

"ತೊಳ್ಕೊಂಡು ಬಂದ ಮೇಲೆ ನೋಡಬಹುದಿತ್ತಲ್ಲ ಅಣ್ಣ?"

"ನೋಡ್ಬೋದಿತ್ತು. ನಾನ್ ಬರೋ ಒತ್ಗೆ ಅಸು ಪೋನ್ ನೆಕ್ತಾ ಇತ್ತು."

ಕಣ್ಣು

ಒಬ್ಬ ರೈತರ ಕೆಂಪು ಹಸುವನ್ನು ತೋರಿಸಿ ಮೇವಿನ ಬಗ್ಗೆ ಮಾಡಿದ ವಿಡಿಯೋ ನಾವು ಎಣಿಸದ ಹಾಗೆ ಓಡಿತು. ಮೊದಲ ವಾರಕ್ಕೇ ಹನ್ನೊಂದು ಸಾವಿರ. ಖುಷಿಯ ಸುದ್ದಿ ಎಂದು ನಾನೇ ಅವರಿಗೆ ಫೋನ್ ಮಾಡಿ ಹೇಳಿದೆ. ಮಾರನೆಯ ದಿನ ಅವರು ಕಚೇರಿಗೇ ಬಂದರು.

"ಮೇಡಮ್ಮೋರೆ, ಅಸು ಆಲು ಕಡ್ಮೆ ಮಾಡ್ಬಿಟ್ಟದೆ. ಅನ್ನೊಂದ್ ಸಾವ್ರ ಜನ ಅಂದ್ರೆ ಇಪ್ಪತ್ತೆರಡ್ ಸಾವ್ರ ಕಣ್ಣು. ಯಾವ ಅಸು ತಡೀತದೆ ಏಳಿ. ವಸಿ ಕಡ್ಮೆ ಮಾಡಿ."

ಬಂದ ವ್ಯೂ ಕಡಿಮೆ ಮಾಡಲು ಆಗುವುದಿಲ್ಲ ಎಂದು ವಿವರಿಸಿದೆ. ಸಮಾಧಾನವಾಗಲಿ ಎಂದು, ಆರುನೂರು ಜನ ಲೈಕ್ ಕೊಟ್ಟಿರುವುದನ್ನೂ ತೋರಿಸಿದೆ. ಲೈಕ್ ಅಂದರೆ ಒಳ್ಳೆಯ ಮನಸ್ಸಿನಿಂದ ನೋಡಿದವರು ಎಂದೆ. ಅದೇ ತಪ್ಪಾಯಿತು.

"ಅಂಗಂದ್ರೆ ಮಿಕ್ಕಿದೋರೆಲ್ಲ ಯಾವ ಮನ್ಸಿಂದ ನೋಡವ್ರೆ?"

ಪಶುವೈದ್ಯರನ್ನು ಕರೆದುಕೊಂಡು ಹೋದೆವು. ಅವರು ನೋಡಿ, ಹಸು ಹಿಟ್ಟು ಜಾಸ್ತಿ ತಿಂದು ಹೊಟ್ಟೆ ಕೆಡಿಸಿಕೊಂಡಿದೆ ಎಂದರು. ವಿಡಿಯೋದಲ್ಲಿ ಚೆನ್ನಾಗಿ ಕಂಡಿತೆಂದು ಮನೆಯವರೆಲ್ಲ ಸೇರಿ ಒಂದು ವಾರ ಅದಕ್ಕೆ ಉಪಚಾರ ಮಾಡಿದ್ದರಂತೆ. ಔಷಧಿ ಕೊಟ್ಟರು. ನಾಲ್ಕು ದಿನಕ್ಕೆ ಹಾಲು ಮೊದಲಿನ ಹಾಗಾಯಿತು. ರೈತರೂ ನಕ್ಕರು, ಕಣ್ಣಿನ ಮಾತೆಲ್ಲ ಸುಳ್ಳು ಎಂದು ಒಪ್ಪಿಕೊಂಡರು.

ಹೊರಡುವಾಗ ನಿಧಾನಕ್ಕೆ ಹತ್ತಿರ ಬಂದು, "ಆದ್ರೂ ಮುಂದಿನ ವಿಡಿಯೋಗೆ ನಮ್ ಬಾಮೈದನ ಅಸೂನ ತೆಗೀರಿ" ಎಂದರು.

ಗುಡ್ಡ

ಜನ ಹಿಂದಕ್ಕೆ ಎಳೆದು ಮತ್ತೆ ಮತ್ತೆ ನೋಡಿದ ಜಾಗದಲ್ಲಿ ಆ ಗೆರೆ ಗುಡ್ಡದ ಹಾಗೆ ಏಳುತ್ತದೆ. ಕೊಟ್ಟಿಗೆ ಸ್ವಚ್ಛತೆಯ ವಿಡಿಯೋದಲ್ಲಿ ಎರಡನೇ ನಿಮಿಷಕ್ಕೆ ದೊಡ್ಡದೊಂದು ಗುಡ್ಡ ಎದ್ದಿತ್ತು. ಬೇರೆ ವಿಡಿಯೋಗಳಲ್ಲಿ ತಿಂಗಳಿಗೆಲ್ಲ ಗುಡ್ಡ ಕರಗುತ್ತದೆ. ಇದು ಬೆಳೆಯುತ್ತಲೇ ಹೋಯಿತು.

ಸಾರ್‌ಗೆ ಬಹಳ ಸಂತೋಷ. ಆ ಹೊತ್ತಿನಲ್ಲಿ ಸುಣ್ಣ ಹಾಕುವ ಪ್ರಮಾಣ ಹೇಳಿದ್ದೇವೆ, ಜನ ಬರೆದುಕೊಳ್ಳುತ್ತಿದ್ದಾರೆ ಎಂದು ಮೀಟಿಂಗ್‌ನಲ್ಲೇ ಹೇಳಿಬಿಟ್ಟರು. ನನಗೇಕೋ ಅನುಮಾನ ಬಂದು ದೊಡ್ಡ ಪರದೆಯಲ್ಲಿ ಹಾಕಿ ನೋಡಿದೆ. ಸುಣ್ಣದ ಮಾತು ಮುಗಿದ ಕೂಡಲೇ ವಿಡಿಯೋ ತೆಗೆದ ಮನೆಯ ಯಜಮಾನರು ಎದೆಯುಬ್ಬಿಸಿ, "ನಾನು ದಿನಾ ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚ್ತೀನಿ" ಎನ್ನುತ್ತಾರೆ. ಹಿಂದೆ ಸಗಣಿ ಮಂಕರಿ ಹೊತ್ತು ಹೋಗುತ್ತಿದ್ದ ಅವರ ಹೆಂಡತಿ ಅಲ್ಲೇ ನಿಲ್ಲುತ್ತಾರೆ. ಗಂಡನ ಬೆನ್ನನ್ನು ಒಮ್ಮೆ ನೋಡುತ್ತಾರೆ, ಕ್ಯಾಮೆರಾವನ್ನು ಒಮ್ಮೆ ನೋಡುತ್ತಾರೆ, ಮಂಕರಿ ಸರಿಮಾಡಿಕೊಂಡು ಹೋಗುತ್ತಾರೆ. ಅಷ್ಟೇ. ಕೆಳಗೆ ಕಾಮೆಂಟ್ ಹಾಕಿದವರೆಲ್ಲ ಹೆಂಗಸರು. "ನಮ್ಮನೇಲೂ ಇಂಥದೊಂದೈತೆ ಅಕ್ಕ" ಎಂದು ಒಬ್ಬರು ಬರೆದಿದ್ದರು.

ಯಜಮಾನರಿಗೆ ಬೂದಿಕೋಟೆ ಬಸ್ಸಿನಲ್ಲಿ ಓಡಾಡುವುದೇ ಕಷ್ಟವಾಯಿತು. ಹತ್ತಿದರೆ ಸಾಕು, "ಐದಕ್ಕೆ ಎದ್ರಾ ಯಜಮಾನ್ರೆ?" ಎಂದು ಹಿಂದಿನ ಸೀಟಿನಿಂದ ಯಾರೋ ಕೇಳುತ್ತಿದ್ದರಂತೆ. ತಡೆಯಲಾಗದೆ ನಿಜವಾಗಿಯೂ ಐದಕ್ಕೆ ಎದ್ದು ಸಗಣಿ ಬಾಚಲು ಶುರುಮಾಡಿದರು.

ಕ್ಷಮೆ ಕೇಳೋಣವೆಂದು ನಾನು ಅವರ ಮನೆಗೆ ಹೋದೆ. ಹೆಂಡತಿ ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿ ಹೇಳಿದರು. "ಇನ್ನೊಂದ್ ವಿಡಿಯೋ ತೆಗೀರಿ ಮೇಡಮ್ಮೋರೆ. ಈ ಸಲ ಇವ್ರ್ ಬಾಯಾಗೆ ಪಾತ್ರೆ ತೊಳೀತೀನಿ ಅಂತ ಏಳ್ಸಿ."

ಬೆಳಗ್ಗೆ ಒಂದು, ಸಂಜೆ ಒಂದು

ಹೋದ ವರ್ಷ ನಮ್ಮ ಸಾರ್‌ಗೂ ಮೇಲಿನವರಾದ ಬೆಂಗಳೂರಿನ ದೊಡ್ಡ ಸಾರ್ ಅವರಿಂದ ಸಂದೇಶ ಬಂತು. ಚಾನೆಲ್ ತುಂಬಾ ಸತ್ತ ವಿಡಿಯೋಗಳಿವೆ, ಯಾರೂ ನೋಡದವನ್ನು ಪಟ್ಟಿ ಮಾಡಿ ತೆಗೆದುಹಾಕಿ ಎಂದು. ಪಟ್ಟಿ ಮಾಡಿದೆ. ಹನ್ನೆರಡು ಸಿಕ್ಕವು. ಅವುಗಳಲ್ಲಿ ಒಂದರ ಪುಟ ನೋಡಿ ಕೈ ನಿಂತಿತು.

ಮೂರು ವರ್ಷ ಹಳೆಯ ವಿಡಿಯೋ. ಬೂದಿಕೋಟೆಯಾಚೆಯ ಹಳ್ಳಿಯ ಹುಡುಗಿಯೊಬ್ಬಳು ತನ್ನ ಹಸುವನ್ನು ಮಾತಾಡಿಸುತ್ತಾ ಹಾಲು ಕರೆಯುತ್ತಾಳೆ. ಮೊದಲ ವರ್ಷ ಹೆಚ್ಚುಕಡಿಮೆ ಸೊನ್ನೆ. ಆಮೇಲೆ ದಿನಕ್ಕೆ ಎರಡು ವ್ಯೂ. ಮೂರಲ್ಲ, ಒಂದಲ್ಲ, ಎರಡೇ. ಬೆಳಗ್ಗೆ ಐದೂವರೆಗೆ ಒಂದು, ಸಂಜೆ ಐದೂವರೆಗೆ ಒಂದು. ನಡುವೆ ಎರಡು ತಿಂಗಳು ಏನೂ ಇಲ್ಲ, ಮತ್ತೆ ದಿನಕ್ಕೆ ಎರಡು. ಹಸುವಿನ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಆ ಎರಡು ತಿಂಗಳು ಏನೆಂದು ಹೊಳೆಯದೆ ಇರುತ್ತದೆಯೇ? ಕರು ಹಾಕುವ ಮುಂಚೆ ಹಸು ಹಾಲು ನಿಲ್ಲಿಸುವುದು ಅಷ್ಟೇ ದಿನ. ಸಾರ್‌ಗೆ ಒಂದು ದಿನ ತಡೆಯಲು ಹೇಳಿ ಬಸ್ ಹತ್ತಿದೆ.

ನಾನು ಹೋದಾಗ ಐದೂಕಾಲು. ಹುಡುಗಿಯ ತಾಯಿ ಬಕೆಟ್ ಹಿಡಿದು ಕೊಟ್ಟಿಗೆಗೆ ಹೊರಟಿದ್ದರು. ಕಂಬಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಫೋನ್ ತೂಗುಹಾಕಿದ್ದರು. ಒತ್ತಿದರು. "ಬಾರಮ್ಮ, ನಿಂತ್ಕೊ ನನ್ನವ್ವ" ಎಂದು ಹುಡುಗಿಯ ದನಿ ಬಂತು. ಹಸು ಕಿವಿ ನಿಮಿರಿಸಿತು, ಕಾಲು ಅಗಲಿಸಿ ನಿಂತಿತು. ಬಕೆಟ್‌ನಲ್ಲಿ ಸರ್ ಎಂದು ಹಾಲು ಬಿತ್ತು.

"ಅವ್ಳು ಮದ್ವೆಯಾಗಿ ಕುಪ್ಪಂ ಕಡೆ ಓದ್ಲು ಮೇಡಮ್ಮೋರೆ. ಮೂರ್ ದಿನ ಇದು ಒಂದ್ ತೊಟ್ಟೂ ಇಳಿಸ್ಲಿಲ್ಲ. ಒದ್ದು ಒದ್ದು ಇಡ್ತಿತ್ತು. ಕೊನೇಗೆ ನಮ್ಮೆಜಮಾನ್ರು ಇದನ್ನ ಉಡುಕುದ್ರು."

"ಮಗಳಿಗೇ ಫೋನ್ ಮಾಡಿ ಮಾತಾಡಿಸಬಹುದಿತ್ತಲ್ಲಮ್ಮ?"

"ಮೊದ್ಲು ಅದನ್ನೇ ಮಾಡ್ತಿದ್ವಿ. ಒಂದ್ ತಿಂಗ್ಳು ಸರಿಯಾಗಿತ್ತು. ಆಮೇಲೆ ಅವ್ಳು ಅತ್ತೆ ಮನೆ ಅಭ್ಯಾಸಕ್ಕೆ ಮಾತ್ನಾಗೆ ತೆಲುಗು ಸೇರ್ಸಾಕ್ ಶುರು ಮಾಡಿದ್ಲು. ಇದಕ್ಕೆ ತೆಲುಗು ಬರಾಕಿಲ್ಲ."

ಮಾರನೆಯ ದಿನ ಸಾರ್ ನನ್ನೆದುರೇ ದೊಡ್ಡ ಸಾರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಒಂದು ವಿಡಿಯೋ ಮಾತ್ರ ಉಳಿಸಿಕೊಳ್ಳುತ್ತೇವೆ ಎಂದರು.

"ಎಷ್ಟು ಜನ ನೋಡ್ತಾರೆ?"

ಸಾರ್ ನನ್ನ ಕಡೆ ನೋಡಿದರು. ನಾನೇ ಹೇಳಿದೆ. "ಜನ ಅಲ್ಲ ಸಾರ್. ಹಸು."

ಕೆಲಸ ಹೋಯಿತು ಎಂದುಕೊಂಡೆ.

"ಪೂರ್ತಿ ನೋಡುತ್ತಾ?"

"ಕೊನೆಯವರೆಗೂ ಸಾರ್. ಒಂದು ದಿನಾನೂ ಮಧ್ಯದಲ್ಲಿ ಬಿಟ್ಟಿಲ್ಲ."

"ಹಾಗಾದ್ರೆ ಇರ್ಲಿ" ಎಂದರು. "ಅಷ್ಟು ನಿಯತ್ತಿನೋರು ನಮ್ಮ ಚಾನೆಲ್‌ಗೆ ಬೇರೆ ಯಾರಿದ್ದಾರೆ."

ಹೋದ ತಿಂಗಳು ಆ ಪುಟ ತೆರೆದಾಗ ಗಾಬರಿಯಾಯಿತು. ದಿನಕ್ಕೆ ಎರಡು ಇದ್ದದ್ದು ನಾಲ್ಕಾಗಿತ್ತು. ಹಸುವಿಗೆ ಏನಾದರೂ ಆಯಿತೇನೋ ಎಂದು ಆ ತಾಯಿಗೆ ಫೋನ್ ಮಾಡಿದೆ.

"ಏನೂ ಆಗಿಲ್ಲ ಮೇಡಮ್ಮೋರೆ. ಇದರ ಮಗ್ಳು ಮೊದ್ಲನೇ ಕರು ಆಕ್ತು. ಅದೂ ಇದನ್ನ ಕೇಳ್ಕೊಂಡೇ ಬೆಳ್ದಿದ್ದಲ್ವಾ, ಅದಕ್ಕೂ ಇದೇ ಬೇಕಂತೆ. ಒಂದಾದ್ ಮೇಲೆ ಒಂದು ಕರೀತೀನಿ, ಎರಡ್ ಸಲ ಆಕ್ಬೇಕು."

ಕಚೇರಿಯಲ್ಲಿ ವಿಷಯ ಹೇಳಿದೆ. ಸಾರ್ ಕನ್ನಡಕ ಏರಿಸಿಕೊಂಡು, ತಿಂಗಳ ವರದಿಯಲ್ಲಿ ತಮ್ಮ ಕೈಯಾರೆ ಬರೆದರು: ಈ ವಿಡಿಯೋದ ಪ್ರೇಕ್ಷಕರ ಸಂಖ್ಯೆ ದುಪ್ಪಟ್ಟಾಗಿದೆ, ಹೊಸ ಪೀಳಿಗೆಯನ್ನೂ ತಲುಪಿದೆ.