ಮಾವನವರಿಗೆ ಚಂಡಮಾರುತದ ಭವಿಷ್ಯ ಹೇಳಿದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಬರೆದಿರುವುದು ಆಫೀಸಿನ ಈಮೇಲ್ ಮಾತ್ರ, ಅದನ್ನೂ ಯಾರೂ ಪೂರ್ತಿ ಓದುವುದಿಲ್ಲ. ನಗುವ ಜಾಗ ಬರುವ ಮೊದಲೇ ವಿವರಿಸಿ ಮುಗಿಸಿಬಿಡುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹವಾಮಾನದ ಬಗ್ಗೆ ಬಾಯಿ ಬಿಟ್ಟಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ಸ್ವಲ್ಪ ಹಿನ್ನೆಲೆ ಬೇಕು. ಸೈಕ್ಲೋನ್ ಎಂದರೆ ಚಂಡಮಾರುತ. ಅಮೆರಿಕದವರು ಹರಿಕೇನ್ ಅನ್ನುತ್ತಾರೆ. ಎರಡೂ ಒಂದೇ, ಸಮುದ್ರ ಬೇರೆ. ಆಸ್ಟ್ರೇಲಿಯಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅದರ ಕಾಲ. ಈ ಸಲ ಎಂದಿಗಿಂತ ಹೆಚ್ಚೋ ಕಡಿಮೆಯೋ ಎಂಬ ಮುನ್ಸೂಚನೆ ಅಕ್ಟೋಬರ್‌ನಲ್ಲೇ ಬರುತ್ತದೆ. ಅದನ್ನು ಓದಿ, ದಾರಿ ಮುಚ್ಚಿದರೆ ಇರಲಿ ಎಂದು ನಮ್ಮ ಕಂಪನಿಯ ಗಣಿಯಲ್ಲಿ ಡೀಸೆಲ್ ಎಷ್ಟು ತುಂಬಿಸಿಡಬೇಕು ಎಂದು ಹೇಳುವುದು ನನ್ನ ಕೆಲಸ. ಭವಿಷ್ಯ ಹೇಳುವವನು ನಾನಲ್ಲ, ಓದುವವನು ಅಷ್ಟೆ. ಈ ವ್ಯತ್ಯಾಸವನ್ನು ನಮ್ಮ ಮಾವ ಇವತ್ತಿಗೂ ಒಪ್ಪಿಲ್ಲ.

೧. ಪರ್ತ್: ಪಾಸಾದ ಚಂಡಮಾರುತ

ಆಗ ನಾವು ಬೆಂಟ್ಲಿ ಬಡಾವಣೆಯಲ್ಲಿದ್ದೆವು. ಮಗಳ ಬೇಸಿಗೆ ರಜಕ್ಕೆ ತನ್ನ ಅಪ್ಪ ಅಮ್ಮ ಮೈಸೂರಿನಿಂದ ಬರಬೇಕೆಂದು ಹೆಂಡತಿಗೆ ಆಸೆ. ಇಲ್ಲಿ ಬೇಸಿಗೆ ರಜ ಎಂದರೆ ಡಿಸೆಂಬರ್, ಜನವರಿ. ಅಂದರೆ ಸರಿಯಾಗಿ ಚಂಡಮಾರುತದ ಕಾಲ. ಮಾವನವರಿಗೆ ಗಾಳಿ ಎಂದರೆ ಭಯ. ಆಸ್ಟ್ರೇಲಿಯಾದ ಒಂದು ಮನೆಯ ಛಾವಣಿ ಹಾರುವುದನ್ನು ಟೀವಿಯಲ್ಲಿ ನೋಡಿದ ಮೇಲಂತೂ ಮಿಕ್ಸಿ ಜೋರಾಗಿ ತಿರುಗಿದರೂ ಎದ್ದು ನಿಲ್ಲುತ್ತಿದ್ದರಂತೆ.

"ರೀ, ಇದು ನಿಮ್ಮ ಡಿಪಾರ್ಟ್‌ಮೆಂಟು. ಅಪ್ಪನ್ನ ನೀವೇ ಒಪ್ಪಿಸಿ," ಎಂದಳು ಹೆಂಡತಿ.

ಚಂಡಮಾರುತ ಬರುವುದು ದೂರದ ಉತ್ತರದ ಕರಾವಳಿಗೆ, ನಮಗೂ ಅದಕ್ಕೂ ಮೈಸೂರಿಗೂ ಮುಂಬೈಗೂ ಇರುವುದಕ್ಕಿಂತ ಹೆಚ್ಚು ದೂರ ಎಂದು ಫೋನಿನಲ್ಲಿ ಹೇಳಿದೆ. ಮಾವ ನಿವೃತ್ತ ಗಣಿತದ ಮೇಷ್ಟರು. ಭೂಗೋಳ ಅವರಿಗೆ ಬೇಡ, ಅಂಕ ಬೇಕು.

"ಅಳಿಯಂದಿರೇ, ಈ ವರ್ಷ ಎಷ್ಟು?"

"ಹೆಚ್ಚು ಬರೋ ಸಾಧ್ಯತೆ ಅರವತ್ತು ಪರ್ಸೆಂಟ್ ಅಂತೆ, ಮಾವ." (ನಿಜವಾದ ಸಂಖ್ಯೆ ಈಗ ನೆನಪಿಲ್ಲ, ಅಂದಾಜಿಗೆ ಬರೆದಿದ್ದೇನೆ.)

"ಅರವತ್ತಾ? ಫಸ್ಟ್ ಕ್ಲಾಸು! ಹಾಗಾದ್ರೆ ಬಂದೇ ಬರುತ್ತೆ."

ಹಾಗಲ್ಲ ಎಂದು ವಿವರಿಸಿದೆ. ಮದುವೆಗೆ ಈ ಸಲ ಜನ ಜಾಸ್ತಿ ಎಂದರೆ ಎಲ್ಲರೂ ನಮ್ಮ ಪಂಕ್ತಿಯಲ್ಲೇ ಕೂರುತ್ತಾರೆ ಎಂದಲ್ಲ. ಜನ ಕಡಿಮೆ ಎಂದರೆ ದೊಡ್ಡ ಹೊಟ್ಟೆಯವನೊಬ್ಬ ಬಂದು ನಮ್ಮ ಪಕ್ಕದಲ್ಲೇ ಕೂರುವುದಿಲ್ಲ ಎಂದೂ ಅಲ್ಲ. ಇಡೀ ಛತ್ರದ ಲೆಕ್ಕ ಅದು, ಒಂದು ಎಲೆಯದ್ದಲ್ಲ. ಈ ಉದಾಹರಣೆ ನನಗೆ ಬಹಳ ಇಷ್ಟವಾಯಿತು. ಮಾವ ಟಿಕೆಟ್ ಮಾಡಿಸಲಿಲ್ಲ.

ಮರುವರ್ಷ ಮುನ್ಸೂಚನೆ ಒಳ್ಳೆಯದಿತ್ತು. ಖುಷಿಯಿಂದ ಫೋನ್ ಮಾಡಿದೆ.

"ಈ ಸಲ ನಲವತ್ತೇ, ಮಾವ!"

"ಪಾಸಾಗಿದೆಯಲ್ಲ," ಎಂದರು ಗಂಭೀರವಾಗಿ. "ಫೇಲಾದ ವರ್ಷ ಹೇಳಿ, ಬರ್ತೀವಿ."

೨. ಬ್ರಿಸ್ಬೇನ್: ವಾಹನ ಯಾವುದು?

ಕಂಪನಿ ನನ್ನನ್ನು ಬ್ರಿಸ್ಬೇನ್‌ಗೆ ಕಳಿಸಿತು. ಅಲ್ಲಿ ಯುಗಾದಿಗೆ ಕನ್ನಡಿಗರೆಲ್ಲ ಒಂದು ಬಾಡಿಗೆ ಹಾಲ್‌ನಲ್ಲಿ ಸೇರಿದ್ದೆವು. ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳುವುದು ಪದ್ಧತಿ, ನಿಮಗೆ ಗೊತ್ತೇ ಇದೆ, ಆದರೂ ಹೇಳಿದೆ. ವಾರವೆಲ್ಲ ಸಾಫ್ಟ್‌ವೇರ್ ಬರೆದು ಅವತ್ತು ಮಾತ್ರ ಪುರೋಹಿತರಾಗಿದ್ದ ಒಬ್ಬರು ಯಾವ ನಕ್ಷತ್ರದ ಮಳೆಗೆ ಕಪ್ಪೆ ವಾಹನ, ಯಾವುದಕ್ಕೆ ಕತ್ತೆ ವಾಹನ ಎಂದು ಓದಿದರು. ಕಪ್ಪೆ ಬಂದರೆ ಒಳ್ಳೆ ಮಳೆ, ಕತ್ತೆ ಬಂದರೆ ಇಲ್ಲ.

ಆಮೇಲೆ ಸಂಘದ ಅಧ್ಯಕ್ಷರು ಮೈಕ್ ಹಿಡಿದು, "ಮಳೆ ಆಯ್ತು, ಈಗ ನಮ್ಮವರೇ ಒಬ್ಬರು ಚಂಡಮಾರುತದ ಫಲ ಓದ್ತಾರೆ," ಎಂದು ನನ್ನ ಕಡೆ ಕೈ ತೋರಿಸಿದರು.

"ಸಾರ್, ಅದು ಅಕ್ಟೋಬರ್‌ದು. ಸೀಸನ್ನೇ ಮುಗೀತಾ ಬಂತು."

"ಇನ್ನೂ ಒಳ್ಳೇದಾಯ್ತು. ತಪ್ಪಾಗೋ ಚಾನ್ಸೇ ಇಲ್ಲ. ಓದಿ ಓದಿ."

ಓದಿದೆ. ಜೊತೆಗೆ ಇದನ್ನು ಎಷ್ಟು ನಂಬಬೇಕು ಎಂದೂ ವಿವರಿಸಿದೆ: ಸಾಮಾನು ತುಂಬಿಸಿಡುವಷ್ಟು ನಂಬಿ, ಹಬ್ಬ ನಿಲ್ಲಿಸುವಷ್ಟು ನಂಬಬೇಡಿ. ಜನ ನನ್ನ ಮೇಲೂ ಅಕ್ಷತೆ ಹಾಕಿದರು. ಮುಂದಿನ ಸಾಲಿನ ಆಂಟಿಯೊಬ್ಬರು ಎದ್ದು ಕೇಳಿದರು:

"ಎಲ್ಲಾ ಸರಿ. ಕುಂಭ ರಾಶಿಗೆ ಹೇಗಿದೆ?"

ಇದರ ವಿಡಿಯೋವನ್ನು ಹೆಂಡತಿ ವಾಟ್ಸಾಪ್‌ನಲ್ಲಿ ಮೈಸೂರಿಗೆ ಕಳಿಸಿದಳು. ಅಪ್ಪನಿಗೆ ಈಗಲಾದರೂ ಗಂಡನ ಮಾತಿನ ಮೇಲೆ ನಂಬಿಕೆ ಬರಲಿ ಎಂದು. ಸಂಜೆ ಉತ್ತರ ಬಂತು:

"ಅಳಿಯಂದಿರು ಚೆನ್ನಾಗಿ ಓದಿದರು. ವಾಹನ ಯಾವುದು ಅಂತಲೇ ಹೇಳಲಿಲ್ಲ. ಹೇಗೆ ನಂಬೋದು?"

೩. ಅಡಿಲೇಡ್: ಸೊನ್ನೆ

ಹೋದ ವರ್ಷ ಅಡಿಲೇಡ್‌ಗೆ ಬಂದೆವು. ಮಾಡ್ಬರಿ ಬಡಾವಣೆಯಲ್ಲಿ ಮನೆ. ಇದು ದೇಶದ ದಕ್ಷಿಣದ ಕರಾವಳಿ, ಇಲ್ಲಿನ ಸಮುದ್ರ ತಣ್ಣಗೆ. ಚಂಡಮಾರುತದ ನಕ್ಷೆಯಲ್ಲಿ ನಮ್ಮ ಊರಿನ ಹೆಸರೇ ಇರುವುದಿಲ್ಲ.

"ಇಲ್ಲಿ ಎಷ್ಟು, ಅಳಿಯಂದಿರೇ?"

"ಸೊನ್ನೆ, ಮಾವ."

"ಪೂರ್ತಿ ಸೊನ್ನೆನಾ?"

"ಪೂರ್ತಿ. ನನ್ನ ಮಾತು ನಂಬಿ."

ನಂಬಿದರು. ಬಂದರು. ಹೆಂಡತಿ ಏರ್‌ಪೋರ್ಟಿನಲ್ಲಿ ಅತ್ತಳು. ಈ ಒಣ ಬಿಸಿಲು ನೋಡಿ ಅತ್ತೆಗೆ ಬಹಳ ಸಂತೋಷವಾಯಿತು. ಮೊನ್ನೆ ಹಿತ್ತಲ ಹುಲ್ಲಿನ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟರು. ಹಕ್ಕಿ ಕಾಯಲು ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳಿ ಎದ್ದಿತು. ಇಲ್ಲಿ ಪಕ್ಕದ ಮನೆಯ ಟ್ರ್ಯಾಂಪೊಲಿನ್ ಬಗ್ಗೆ ಹೇಳಬೇಕು. ಕಬ್ಬಿಣದ ದೊಡ್ಡ ಬಳೆಗೆ ಸ್ಪ್ರಿಂಗಿನಿಂದ ಬಟ್ಟೆ ಬಿಗಿದಿರುತ್ತಾರೆ, ಮಕ್ಕಳು ಅದರ ಮೇಲೆ ಕುಣಿಯುತ್ತಾರೆ, ಬೀಳದಿರಲಿ ಎಂದು ಸುತ್ತ ಬಲೆ. ಅದು ಎದ್ದು, ಬೇಲಿ ದಾಟಿ, ತಲೆಕೆಳಗಾಗಿ ನಮ್ಮ ಹಿತ್ತಲಿಗೆ ಇಳಿಯಿತು. ಸರಿಯಾಗಿ ಮಾವನವರ ಸುತ್ತ. ಒಂದು ಗೀರೂ ಆಗಲಿಲ್ಲ. ಬಲೆಯೊಳಗೆ ಗಿಣಿಯ ಹಾಗೆ ಅವರು, ಅವರ ಕುರ್ಚಿ ಮತ್ತು ಅರ್ಧ ಸಂಡಿಗೆ.

ಪಕ್ಕದ ಮನೆಯವನು ಬೇಲಿಯ ಮೇಲೆ ತಲೆ ಹಾಕಿ, "ಸಾರಿ, ಮೇಟ್! ಅರ್ವೋ ಬಂದು ತಗೊಂಡು ಹೋಗ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅರ್ವೋ ಎಂದರೆ ಮಧ್ಯಾಹ್ನ. ಟ್ರ್ಯಾಂಪೊಲಿನ್ ಬೇಕೆಂದು ಹಟ ಹಿಡಿದಿದ್ದ ನನ್ನ ಮಗಳು, "ತಾತ, ಯೂ ಆರ್ ಸೋ ಲಕ್ಕಿ!" ಎಂದಳು.

ಮಾವ ಬಲೆ ಹಿಡಿದುಕೊಂಡು ನನ್ನನ್ನೇ ನೋಡಿದರು. "ಇದೇನಾ ಸೊನ್ನೆ?"

"ಇದು ಚಂಡಮಾರುತ ಅಲ್ಲ, ಮಾವ, ಬರೀ ಗಾಳಿ. ಎರಡಕ್ಕೂ ವ್ಯತ್ಯಾಸ ಏನಪ್ಪಾ ಅಂದ್ರೆ..."

"ರೀ!" ಹೆಂಡತಿ ಕಿರುಚಿದಳು. "ಮೊದ್ಲು ಅಪ್ಪನ್ನ ಹೊರಗೆ ತೆಗೀರಿ!"

ಹೊರಗೆ ಬಂದವರೇ ಮಾವ ನಾಳೆಯೇ ಮೈಸೂರಿಗೆ ಹೊರಡುವುದು ಎಂದರು. ಹೆಂಡತಿಯ ಮುಖ ಸಣ್ಣದಾಯಿತು. ಆಗ ಅತ್ತೆ ಉಳಿದ ಸಂಡಿಗೆಯನ್ನು ಮುಟ್ಟಿ ನೋಡುತ್ತಾ, "ನೀವು ಹೋಗಿ. ಇದು ಒಣಗೋವರೆಗೂ ನಾನು ಎಲ್ಲಿಗೂ ಬರಲ್ಲ," ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಆದರೆ ನನ್ನ ಮಾತಿನ ಮೇಲಿನ ನಂಬಿಕೆ ಹೋಯಿತಲ್ಲ, ಅದಕ್ಕೇ ಈ ವ್ಯತ್ಯಾಸವನ್ನು ಇಲ್ಲಿಯಾದರೂ ಸರಿಯಾಗಿ ಬರೆದಿಡುತ್ತೇನೆ, ಮಾವ ಓದಲಿ. ಚಂಡಮಾರುತ ಹುಟ್ಟಬೇಕಾದರೆ ಮೊದಲು ಸಮುದ್ರದ ನೀರು ಬೆಚ್ಚಗಿರಬೇಕು. ಆ ನೀರು ಆವಿಯಾಗಿ ಮೇಲೇರಿ, ಸುತ್ತಲಿನ ಗಾಳಿ ಒಳಗೆ ನುಗ್ಗಿ, ಅದು ತಿರುಗಲು ಶುರುವಾಗುತ್ತದೆ. ತಿರುಗಲು ಮುಖ್ಯ ಕಾರಣ ಏನೆಂದರೆ, ಭೂಮಿ...

ಕ್ಷಮಿಸಿ, ಹಿತ್ತಲಿನಿಂದ ಮಾವ ಕೂಗುತ್ತಿದ್ದಾರೆ:

"ಅಳಿಯಂದಿರೇ, ಬರೆದಿದ್ದು ಸಾಕು, ಓಡಿ ಬನ್ನಿ! ಈ ಸಲ ಪಕ್ಕದ ಮನೆಯವರ ಶೆಡ್ಡೇ ಹೊರಟಿದೆ!"