ಎಂಜಿನ್ನಿಗೆ ಸುಳ್ಳು ಹೇಳುವ ಡಬ್ಬಿ

ಡ್ರೈವಿಂಗ್ ಸ್ಕೂಲಿನ ಹಳೆಯ ಡೀಸೆಲ್ ಕಾರು ಏರು ಕಂಡರೆ ಸಾಕು, ಕೆಲಸ ಹೇಳಲು ಬಂದ ಅಪ್ಪನನ್ನು ಕಂಡ ಮಗನ ಹಾಗೆ ನಿತ್ರಾಣವಾಗಿಬಿಡುತ್ತಿತ್ತು. ಇದು ಹೊಸ ಸಂಗತಿಯೇನಲ್ಲ. ಆದರೆ ಆ ಬೆಳಿಗ್ಗೆ ಮಾಲೀಕ ಅದರ ಬಾನೆಟ್ ಮೇಲೆ ಕೈಯಿಟ್ಟು, ರೋಗಿಯ ಸಂಬಂಧಿಕರ ಎದುರು ಡಾಕ್ಟರು ಮಾಡುವಂಥ ಮುಖ ಮಾಡಿದ.

"ಮೇಷ್ಟ್ರೇ, ಇವತ್ತೂ ಹೆಡ್‌ಮೇಡಂ ಟೆಸ್ಟಲ್ಲಿ ಫೇಲಾದ್ರೆ ಈ ಗಾಡೀನ ಗುಜರಿಗೆ ಹಾಕ್ತೀನಿ. ನಾಳೆಯಿಂದ ನೀವು ಆಫೀಸಲ್ಲಿ ಕೂತು ಫೋನ್ ಎತ್ತಿ. ನನ್ನೆದುರಿಗೇ ಇರ್ತೀರಿ. ಆರಾಮಾಗಿ ಮಾತಾಡ್ಕೊಂಡಿರೋಣ."

ಕೊನೆಯ ಮಾತಿಗೆ, ಕಾರು ಓಡಿಸಲು ಕಲಿಸುವ ಮೇಷ್ಟ್ರ ಬೆನ್ನು ತಣ್ಣಗಾಯಿತು. ಮಾಲೀಕನಿಗೆ ಹಿಂದೊಮ್ಮೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಆಪರೇಷನ್ ಬೇಗ ಮುಗಿದಿತ್ತು. ಅದರ ವರ್ಣನೆ ಇನ್ನೂ ನಡೆದೇ ಇತ್ತು. ಫೋನಿನ ಮುಂದೆ ಮೊದಲು ಕೂರುತ್ತಿದ್ದ ಹೆಂಗಸು ತನಗೆ ಕಿವಿ ಕೇಳುವುದಿಲ್ಲವೆಂದು ಹೇಳಿ ಕೆಲಸ ಬಿಟ್ಟು ಪಾರಾಗಿದ್ದಳು. ಮೇಷ್ಟ್ರಿಗೆ ಅಷ್ಟು ನಟನೆ ಬಾರದು. ಕಾರಿನಲ್ಲಿ ಶಿಷ್ಯರ ಪಕ್ಕದ, ತನ್ನದೇ ಬ್ರೇಕಿರುವ ಸೀಟೊಂದು ಉಳಿದರೆ ಸಾಕಾಗಿತ್ತು.

ಹೆಡ್‌ಮೇಡಂ ಅಂದರೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ, ಹೇಳದೇ ಇದ್ದದ್ದನ್ನು ಜಪ್ಪಯ್ಯ ಅಂದರೂ ಮಾಡದ ಶಿಷ್ಯೆ. ಆದರೂ ಪ್ರತಿ ಟೆಸ್ಟಿನಲ್ಲೂ ಒಂದೇ ಜಾಗದಲ್ಲಿ ಫೇಲು. ಟೆಸ್ಟ್ ಮೈದಾನದ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಅವರು ಹೊರಡಲು ಸಿದ್ಧ, ಕಾರು ಮಾತ್ರ ಹಿಂದಕ್ಕೆ ಜಾರಿ ಹೊರಟ ಜಾಗಕ್ಕೇ ಮರಳುತ್ತಿತ್ತು.

ಇದಕ್ಕೆಂದೇ ಮೇಷ್ಟ್ರು ಒಂದು ಡಬ್ಬಿ ತರಿಸಿ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದರು. ಅಂಗೈಯಗಲದ ಕಪ್ಪು ಡಬ್ಬಿ, ಅದರಿಂದ ಹೊರಟ ಎರಡು ವೈರು, ತುದಿಗೊಂದು ಪ್ಲಗ್ಗು. ಮಾಲೀಕ ಒಳಗೆ ಹೋದದ್ದೇ ತಡ, ಕಾರನ್ನು ಪಕ್ಕದ ಓಣಿಗೆ ತಳ್ಳಿಕೊಂಡು ಹೋಗಿ ಬಾನೆಟ್ ಎತ್ತಿದರು.

ಬಾನೆಟ್ ಎತ್ತಿದ ಕಾರಿಗೆ ಜನ ಮುತ್ತುವಷ್ಟು ಬೇಗ ಬೆಲ್ಲಕ್ಕೆ ಇರುವೆಯೂ ಮುತ್ತುವುದಿಲ್ಲ. ಓಣಿಯ ಪಂಕ್ಚರ್ ಅಂಗಡಿಯವನು ಬಂದ. ಜೆರಾಕ್ಸ್ ಅಂಗಡಿಯವನು ಬಂದ. ಹೊಲಿಗೆ ಅಂಗಡಿಯ ಟೈಲರಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು.

"ಏನ್ ಮಾಡುತ್ತೆ ಮೇಷ್ಟ್ರೇ ಇದು?" ಪಂಕ್ಚರಿನವನು ಕೇಳಿದ.

"ಎಂಜಿನ್ನಿಗೆ ಸುಳ್ಳು ಹೇಳುತ್ತೆ. ಪೈಪಲ್ಲಿ ಡೀಸೆಲ್ ಒತ್ತಡ ಕಮ್ಮಿಯಾಗಿದೆ ಅಂತ ಚಾಡಿ. ಅದು ಗಾಬರಿಬಿದ್ದು ಜಾಸ್ತಿ ಡೀಸೆಲ್ ನುಗ್ಗಿಸುತ್ತೆ. ಆಗ ಶಕ್ತಿ ಬರುತ್ತೆ."

"ನಮ್ಮತ್ತೆ ಮಾಡೋದೂ ಇದೇ," ಎಂದಳು ಟೈಲರಕ್ಕ. "ಮಗನಿಗೆ ಹಸಿವು, ಮಗನಿಗೆ ಹಸಿವು ಅಂತ ನನ್ನ ಕೈಲಿ ಎರಡೆರಡು ಸಲ ಅಡುಗೆ ಮಾಡಿಸ್ತಾರೆ. ಅವರಿಗೆ ಡಬ್ಬಿ ಏನೂ ಬೇಕಾಗಿಲ್ಲ."

ಪ್ಲಗ್ಗು ಎಲ್ಲಿಗೆ ಸೇರಬೇಕು ಎಂಬುದರ ಬಗ್ಗೆ ಮೂವರಿಗೂ ಖಚಿತ ಅಭಿಪ್ರಾಯವಿತ್ತು. ಮೂರೂ ಬೇರೆ ಬೇರೆ. ಟೈಲರಕ್ಕ ತೋರಿಸಿದ ಜಾಗಕ್ಕೆ ಅದು ಹಿಡಿಸಲೇ ಇಲ್ಲ. ಜೆರಾಕ್ಸಿನವನು ತೋರಿಸಿದ ಜಾಗಕ್ಕೆ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ, ಕಾರು ನಡಿಗೆಗಿಂತ ಜೋರಾಗಿ ಹೋಗಲೊಲ್ಲೆ ಎಂದಿತು. ಊರುಗೋಲು ಹಿಡಿದ ಅಜ್ಜನೊಬ್ಬ ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ, ಎದೆಯುಬ್ಬಿಸಿ ನಡೆದ.

"ನನ್ನ ಮಾತು ಕೇಳಿದ್ರೆ ತಾನೆ!" ಎಂದು ಪಂಕ್ಚರಿನವನು ಕೈ ಹಾಕಿ ಪ್ಲಗ್ಗು ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿದ. ಟಕ್ ಎಂದಿತು. ಹಳದಿ ದೀಪ ಆರಿತು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಉಳಿದದ್ದು ಅದೊಂದೇ ಅಲ್ಲವೇ ಎಂದ.

ಡಬ್ಬಿಯ ಮೇಲೆ ಸುಳ್ಳನ್ನು ಹೆಚ್ಚುಕಮ್ಮಿ ಮಾಡುವ ತಿರುಪೊಂದಿತ್ತು. ಮೇಷ್ಟ್ರು ಅದನ್ನು ಕೆಳಗಿನ ಗೆರೆಗಿಟ್ಟು, "ಇಷ್ಟೇ ಸಾಕು, ಯಾರೂ ಮುಟ್ಟಬೇಡಿ" ಎಂದು ಕೈ ತೊಳೆಯಲು ಹೋದರು.

ಮುಟ್ಟಬೇಡಿ ಎನ್ನದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲವೇನೋ. ಜೆರಾಕ್ಸಿನವನು ಅತ್ತ ತಿರುಗಿದಾಗ, ಹೆಡ್‌ಮೇಡಂ ಪಾಸಾಗಲಿ ಪಾಪ ಎಂದು ಪಂಕ್ಚರಿನವನು ತಿರುಪನ್ನು ಚೂರು ಮೇಲಕ್ಕೇರಿಸಿದ. ಜೆರಾಕ್ಸಿನವನು, ತನ್ನ ಮಗಳು ಅದೇ ಶಾಲೆಯಲ್ಲಿ ಓದುವುದು ನೆನಪಾಗಿ, ಇನ್ನೂ ಚೂರು ಏರಿಸಿದ. ಟೈಲರಕ್ಕ ಇಬ್ಬರನ್ನೂ ನೋಡಿ, ಗಂಡಸರಿಗೆ ಯಾವುದನ್ನೂ ಪೂರ್ತಿ ಮಾಡಲು ಬರುವುದಿಲ್ಲ ಎಂದುಕೊಂಡು, ಉಳಿದಷ್ಟನ್ನೂ ತಿರುಗಿಸಿ ಬಾನೆಟ್ ಮುಚ್ಚಿದಳು.

ಶಾಲೆಯವರೆಗೂ, ಶಾಲೆಯಿಂದ ಮೈದಾನದವರೆಗೂ ವಾಹನಗಳ ಜಂಗುಳಿ. ಮೇಷ್ಟ್ರು ಆಕ್ಸಿಲರೇಟರ್ ಮೇಲೆ ಕಾಲಿಟ್ಟದ್ದೂ ಇಲ್ಲ ಎನ್ನಬೇಕು. ಎಂಜಿನ್ ಸದ್ದು ಸ್ವಲ್ಪ ಗಡಸಾಗಿದೆ ಅನಿಸಿತು; ಒಳ್ಳೇದೇ ಆಯಿತು ಅಂದುಕೊಂಡರು.

ಮೈದಾನದಲ್ಲಿ ಹೆಡ್‌ಮೇಡಂ ಚಾಲಕನ ಸೀಟಿನಲ್ಲಿ ಕೂತರು. ಇನ್ಸ್‌ಪೆಕ್ಟರು ಆಕಳಿಸುತ್ತಾ ಪಕ್ಕದಲ್ಲಿ ಕೂತರು. ಅವರಿಗೆ ಈ ಕಾರೂ ಗೊತ್ತು, ಈ ಹೆಡ್‌ಮೇಡಮ್ಮೂ ಗೊತ್ತು, ಈ ಏರೂ ಗೊತ್ತು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಮುದುರಿಕೊಂಡರು. ಕಾರು ಏರಿನ ನಡುವೆ ಅಚ್ಚುಕಟ್ಟಾಗಿ ನಿಂತಿತು.

"ಹೂಂ, ಹೊರಡಿ. ಹೊರಟರೆ," ಎಂದರು ಇನ್ಸ್‌ಪೆಕ್ಟರು.

ಹೆಡ್‌ಮೇಡಂ ಕಣ್ಣು ಅರೆಮುಚ್ಚಿ ಪಾಠ ಒಪ್ಪಿಸತೊಡಗಿದರು: "ಏರು ಬಂದಾಗ ಒತ್ತಬೇಕು. ಸಾಕು ಅನಿಸಿದಾಗ ಇನ್ನೂ ಒತ್ತಬೇಕು. ನೆಲ ಮುಟ್ಟೋವರೆಗೂ ಒತ್ತಬೇಕು."

ಈ ಪಾಠ ಕಲಿಸಿದವರು ಯಾರು? ಮೇಷ್ಟ್ರೇ. ಬಡಕಲು ಎಂಜಿನ್ನಿಗೆಂದು ಕಲಿಸಿದ್ದು. ಹೊಸ ಶಕ್ತಿ ಹಾಕಿದವರು ಹಳೆಯ ಪಾಠ ವಾಪಸ್ ತೆಗೆದುಕೊಂಡಿರಲಿಲ್ಲ. ಅದು ಹೊಳೆದು "ಮೇಡಂ, ಮೆಲ್ಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ನೆಲ ಮುಟ್ಟಿಯಾಗಿತ್ತು.

ಕಾರು ಹೊರಟಿತು ಎನ್ನುವುದಕ್ಕಿಂತ, ಕಾರು ಇದ್ದ ಜಾಗದಲ್ಲಿ ಕರಿಹೊಗೆ ಉಳಿಯಿತು ಎನ್ನುವುದು ಸರಿ. ಸರದಿಯಲ್ಲಿ ನಿಂತ ಅಭ್ಯರ್ಥಿಗಳೆಲ್ಲ ಅದರೊಳಗೆ ಮಾಯವಾದರು. ಏರಿನ ನೆತ್ತಿಯಲ್ಲಿ ನಾಲ್ಕೂ ಚಕ್ರ ನೆಲದ ಸಂಬಂಧ ಕಡಿದುಕೊಂಡವು. ಆಕಡೆ ಇಳಿದ ಕಾರು ಕೆಂಪು ಗೂಟಗಳನ್ನೆಲ್ಲ ಒಂದೂ ಬಿಡದೆ ಮಾತಾಡಿಸಿ, ಹಳೇ ಟೈರುಗಳ ಗುಡ್ಡೆಗೆ ಮೂತಿ ತೂರಿಸಿ ನಿಂತಿತು.

ಇನ್ಸ್‌ಪೆಕ್ಟರು ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು ಮೊಣಕಾಲು ತಬ್ಬಿಕೊಂಡಿದ್ದರು.

ಹೆಡ್‌ಮೇಡಂ ಅಳುಮೋರೆ ಮಾಡಿದರು. "ಸರ್, ಇಂಡಿಕೇಟರ್ ಹಾಕೋದು ಮರೆತೆ. ಇನ್ನೊಂದು ಸಲ ಮಾಡಿ ತೋರಿಸ್ಲಾ?"

"ಬೇಡ!" ಇನ್ಸ್‌ಪೆಕ್ಟರು ಚೀರಿದರು. "ಪಾಸು! ಪಾಸಾಗಿದೀರಿ ತಾಯಿ! ಇನ್ನು ಯಾವತ್ತೂ ಬರಬೇಡಿ!"

ಸುದ್ದಿ ಕೇಳಿ ಮಾಲೀಕ ಕುಣಿದಾಡುತ್ತಾನೆಂದು ಮೇಷ್ಟ್ರು ಎಣಿಸಿದ್ದರು. ಅವನು ಕುರ್ಚಿಗೊರಗಿ ನಿಟ್ಟುಸಿರು ಬಿಟ್ಟ. "ಪಾಸೇ ಮಾಡಿಸಿಬಿಟ್ರಾ? ಎಂಥಾ ಖಾಯಂ ಗಿರಾಕಿ ಮೇಷ್ಟ್ರೇ! ಇರಲಿ, ಮಾತು ಮಾತೇ. ಗಾಡಿ ಇರುತ್ತೆ, ನೀವೂ ಇರಿ."

ಮೇಷ್ಟ್ರು ಉಸಿರು ಒಳಗೆಳೆದುಕೊಂಡರು. ಅದನ್ನು ಹೊರಗೆ ಬಿಡುವ ಮೊದಲೇ ಹೆಡ್‌ಮೇಡಂ ಒಳಗೆ ಬಂದರು.

"ನನಗೆ ಆ ಗಾಡೀನೇ ಕೊಡಿ. ಬೇರೆ ಯಾವುದೂ ನನ್ನ ಕೈಗೆ ಒಗ್ಗಲ್ಲ. ಇದ್ದ ಹಾಗೇ ಬೇಕು, ಒಂದು ತಿರುಪನ್ನೂ ಅಲ್ಲಾಡಿಸಬೇಡಿ."

ಅವರು ಬಾಯಿ ಮುಚ್ಚುವುದರೊಳಗೆ ಮಾಲೀಕ ಗಾಡಿಯನ್ನು ಮಾರಿ ಆಗಿತ್ತು. ಫೋನಿನ ಮುಂದಿನ ಖಾಲಿ ಕುರ್ಚಿಯನ್ನು ಮೇಷ್ಟ್ರ ಕಡೆ ಎಳೆದು, "ಕೂತ್ಕೊಳ್ಳಿ. ಕಲ್ಲು ಎಷ್ಟು ದಪ್ಪ ಇತ್ತು ಅಂದ್ರೆ..." ಎಂದು ಶುರುಮಾಡಿಯೂ ಬಿಟ್ಟ.

"ಒಂದು ನಿಮಿಷ," ಹೆಡ್‌ಮೇಡಂ ತಡೆದರು. "ನನ್ನದೊಂದು ಷರತ್ತಿದೆ. ಪಕ್ಕದಲ್ಲಿ ಮೇಷ್ಟ್ರು ಇಲ್ಲದೆ ನನಗೆ ಗೇರೇ ಬೀಳಲ್ಲ. ಬೆಳಿಗ್ಗೆ ಶಾಲೆಗೆ, ಸಂಜೆ ಮನೆಗೆ, ರಜಾದಿನ ಪೇಟೆಗೆ. ಅವರು ಜೊತೆಗಿರಬೇಕು."

"ಕರ್ಕೊಂಡು ಹೋಗಿ," ಎಂದ ಮಾಲೀಕ, ಕಲ್ಲಿನ ಕಥೆ ಅರ್ಧಕ್ಕೆ ನಿಂತ ಸಂಕಟದಲ್ಲಿ.

ಮೇಷ್ಟ್ರಿಗೆ ಹೆಡ್‌ಮೇಡಮ್ಮಿನ ಕಾಲು ಮುಟ್ಟುವಷ್ಟು ಸಂತೋಷವಾಯಿತು. ಸೀಟು ಉಳಿಯಿತು! ಕುಣಿದಂಥ ಹೆಜ್ಜೆಯಲ್ಲಿ ಓಣಿಗೆ ಬಂದರು. ಪಂಕ್ಚರಿನವನು ಕಾರಿನೊಳಗೆ ತಲೆಕೆಳಗಾಗಿ ಬಗ್ಗಿ, ಸ್ಪ್ಯಾನರ್ ಹಿಡಿದು ಏನನ್ನೋ ಬಿಚ್ಚುತ್ತಿದ್ದ.

"ಏನಯ್ಯಾ ಅದು?"

"ಮೇಷ್ಟ್ರ ಸೀಟಿನ ಬ್ರೇಕು. ಮನೆಬಳಕೆಗೆ ಮಾರಿದ ಗಾಡೀಲಿ ಅದು ಇರಬಾರದಂತೆ. ಮಾಲೀಕರು ಈಗಷ್ಟೇ ಕಿಟಕಿಯಿಂದ ಕೂಗಿ ಹೇಳಿದ್ರು, ಬಿಚ್ಚಿ ಇಟ್ಕೋ ಅಂತ." ಅವನು ಪೆಡಲನ್ನು ಅಂಗಿಗೆ ಒರೆಸಿ ಎತ್ತಿ ತೋರಿಸಿದ.

ಹೆಡ್‌ಮೇಡಂ ಆಗಲೇ ಚಾಲಕನ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಿದ್ದರು. "ಬನ್ನಿ ಮೇಷ್ಟ್ರೇ, ಹೊತ್ತಾಯ್ತು. ನಮ್ಮ ಮನೆ ದಾರಿ ಪೂರ್ತಿ ಏರು. ಒತ್ತಬೇಕಲ್ವಾ?"

ಮೇಷ್ಟ್ರು ತಮ್ಮ ಸೀಟಿನಲ್ಲಿ ಕೂತರು. ಎಂಜಿನ್ ಗುಡುಗಿತು. ಅವರ ಕಾಲು ತಾನಾಗಿಯೇ ಮುಂದೆ ಚಾಚಿ, ಬರಿಯ ನೆಲವನ್ನು ಬಲವಾಗಿ ಒತ್ತಿ ಹಿಡಿಯಿತು.